ನಾಲ್ಕನೇ ಡಿಸ್ಕ್

ಮನೆಯವರೆಲ್ಲರ ಫೋಟೋ, ಫೈಲ್ ಒಂದೇ ಕಡೆ ಇಟ್ಟುಕೊಂಡು ನೆಟ್‌ವರ್ಕ್ ಮೂಲಕ ಕೊಡುವ ನ್ಯಾಸ್ ಪೆಟ್ಟಿಗೆ ಒಂದು ದಿನ ಇದ್ದಕ್ಕಿದ್ದಂತೆ ಆನ್ ಆಗುವುದೇ ಇಲ್ಲ. ಲೈಟ್ ಇಲ್ಲ, ಫ್ಯಾನ್ ಸದ್ದಿಲ್ಲ. ಬಟನ್ ಎಷ್ಟು ಒತ್ತಿದರೂ ಅಷ್ಟೇ. ಆಗ ಎಲ್ಲರ ಬಾಯಿಂದ ಬರುವ ಮೊದಲ ಮಾತು, ‘ಫೋಟೋ ಎಲ್ಲಾ ಹೋಯ್ತು’. ಇಂಥ ಪೆಟ್ಟಿಗೆಗಳನ್ನು ಬಿಚ್ಚಿ ಡೇಟಾ ಹೊರತೆಗೆಯುವ ಕೆಲಸವನ್ನು ನಾನು ಆಸೆಪಟ್ಟು ಕಲಿತವನು. ಆ ಮಾತು ಕೇಳಿದಾಗಲೆಲ್ಲ ಹೇಳುವುದು ಒಂದೇ: ಇನ್ನೂ ಏನೂ ಹೋಗಿಲ್ಲ, ಸದ್ಯಕ್ಕೆ ಯಾವುದನ್ನೂ ಮುಟ್ಟಬೇಡಿ.

ನ್ಯಾಸ್ ಅಂದರೆ ಒಂದು ಪುಟ್ಟ ಕಂಪ್ಯೂಟರ್. ಒಳಗೆ ಪ್ರೊಸೆಸರ್ ಇದೆ, ಮೆಮೊರಿ ಇದೆ, ಹೆಚ್ಚಿನವುಗಳಲ್ಲಿ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಓಡುತ್ತಿರುತ್ತದೆ. ಡಿಸ್ಕ್‌ಗಳು ಅದಕ್ಕೆ ಸಿಕ್ಕಿಸಿದ ಬೇರೆಯೇ ವಸ್ತುಗಳು. ಪವರ್ ಅಡಾಪ್ಟರ್ ಕೈಕೊಡಬಹುದು, ಬೋರ್ಡ್ ಮೇಲಿನ ಕೆಪಾಸಿಟರ್ ಉಬ್ಬಬಹುದು, ಚಿಪ್‌ನಲ್ಲೇ ದೋಷ ಇರಬಹುದು. 2017ರಲ್ಲಿ ಇಂಟೆಲ್ ಕಂಪನಿ ತನ್ನ ಆಟಮ್ ಸಿ2000 ಸಾಲಿನ ಪ್ರೊಸೆಸರ್‌ಗಳಲ್ಲಿ ಅಂಥದ್ದೊಂದು ದೋಷ ಇದೆ ಎಂದು ಒಪ್ಪಿಕೊಂಡಿತು. ಕೆಲವು ವರ್ಷ ಓಡಿದ ಮೇಲೆ ಕ್ಲಾಕ್ ಸಿಗ್ನಲ್ ನಿಂತುಹೋಗಬಹುದಿತ್ತು, ನಿಂತರೆ ಯಂತ್ರ ಬೂಟ್ ಆಗುತ್ತಿರಲಿಲ್ಲ. ಆ ಚಿಪ್ ಹಾಕಿದ ಎಷ್ಟೋ ನ್ಯಾಸ್‌ಗಳು ಆಗ ಮಾರುಕಟ್ಟೆಯಲ್ಲಿದ್ದವು. ಡಿಸ್ಕ್‌ಗಳಿಗೂ ಆ ದೋಷಕ್ಕೂ ಸಂಬಂಧವೇ ಇರಲಿಲ್ಲ. ಹಾಗಾಗಿ ಸತ್ತ ನ್ಯಾಸ್ ನೋಡಿದರೆ ನಾನು ಮೊದಲು ಅದೇ ವೋಲ್ಟೇಜು, ಅಷ್ಟೇ ಆಂಪಿಯರ್ ಕೊಡುವ ಬೇರೆ ಅಡಾಪ್ಟರ್ ಹಾಕಿ ನೋಡುತ್ತೇನೆ. ಅದರಲ್ಲೇ ಎದ್ದರೆ ಮುಗಿಯಿತು.

ಏಳಲಿಲ್ಲ ಅಂದರೆ ಡಿಸ್ಕ್‌ಗಳು ಹೊರಗೆ ಬರಬೇಕು. ನಿಜವಾದ ಅಪಾಯ ಶುರುವಾಗುವುದು ಇಲ್ಲೇ. ಅಲ್ಲಿಯವರೆಗೆ ಡೇಟಾ ಸಾಮಾನ್ಯವಾಗಿ ಸುರಕ್ಷಿತವಾಗಿಯೇ ಇರುತ್ತದೆ, ನಮ್ಮ ಅವಸರ ಅದನ್ನು ಅಳಿಸುತ್ತದೆ. ಡಿಸ್ಕನ್ನು ವಿಂಡೋಸ್ ಕಂಪ್ಯೂಟರ್‌ಗೆ ಸಿಕ್ಕಿಸಿದ ತಕ್ಷಣ ‘ಫಾರ್ಮ್ಯಾಟ್ ಮಾಡಿದರೆ ಮಾತ್ರ ಬಳಸಬಹುದು’ ಅಂತಲೋ ‘ಇನಿಷಿಯಲೈಸ್ ಮಾಡಿ’ ಅಂತಲೋ ಒಂದು ಕಿಟಕಿ ಬರುತ್ತದೆ. ಡಿಸ್ಕ್ ಕೆಟ್ಟಿದೆ ಅಂತ ಅದರ ಅರ್ಥವಲ್ಲ. ಎಕ್ಸ್ಟ್4, ಬಿಟಿಆರ್‌ಎಫ್‌ಎಸ್, ಎಕ್ಸ್‌ಎಫ್‌ಎಸ್ ಥರದ ಲಿನಕ್ಸ್ ಫೈಲ್ ಸಿಸ್ಟಂಗಳನ್ನು, ಅಂದರೆ ಡಿಸ್ಕ್ ಮೇಲೆ ಫೈಲ್ ಜೋಡಿಸಿಡುವ ಲಿನಕ್ಸ್ ಕ್ರಮಗಳನ್ನು, ಓದುವುದು ವಿಂಡೋಸ್‌ಗೆ ತಾನಾಗಿ ಬರುವುದಿಲ್ಲ, ಅಷ್ಟೇ. ಆದರೆ ಗಾಬರಿಯಲ್ಲಿರುವ ಮನುಷ್ಯನ ಕೈ ‘ಓಕೆ’ ಕಡೆಗೇ ಹೋಗುತ್ತದೆ. ಹೊಸ ನ್ಯಾಸ್ ತಂದು ಹಳೆಯ ಡಿಸ್ಕ್‌ಗಳನ್ನು ತುಂಬುವುದೂ ಹೀಗೇ. ಅದೇ ಕಂಪನಿಯ ಹೊಂದಾಣಿಕೆಯಾಗುವ ಮಾಡೆಲ್ ಆದರೆ ಎಷ್ಟೋ ಸಲ ಡಿಸ್ಕ್‌ಗಳನ್ನು ಗುರುತಿಸುತ್ತದೆ. ಬೇರೆಯದಾದರೆ ‘ಹೊಸದಾಗಿ ಸೆಟಪ್ ಮಾಡಲಾ’ ಎಂದು ಕೇಳುತ್ತದೆ. ಹೂಂ ಅಂದರೆ ಹಳೆಯದು ಹೋಯಿತು.

ಆದ್ದರಿಂದ ಹೊರತೆಗೆಯುವ ಮೊದಲೇ ಪ್ರತಿ ಡಿಸ್ಕ್ ಮೇಲೂ ಅದು ಎಷ್ಟನೇ ಗೂಡಿನಲ್ಲಿತ್ತು ಅಂತ ಬರೆದು ಅಂಟಿಸುತ್ತೇನೆ. ಸೀರಿಯಲ್ ನಂಬರ್ ಕಾಣುವಂತೆ ಫೋಟೋ ತೆಗೆದುಕೊಳ್ಳುತ್ತೇನೆ. ಆಮೇಲೆ ಲಿನಕ್ಸ್ ಇರುವ ಒಂದು ಕಂಪ್ಯೂಟರ್. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದ ಉಬುಂಟು ಸಾಕು. ಆಗುವುದಾದರೆ ಡಿಸ್ಕ್‌ಗಳನ್ನು ನೇರವಾಗಿ ಸಾಟಾ ಪೋರ್ಟಿಗೇ ಹಾಕುವುದು ಒಳ್ಳೆಯದು. ಕೆಲವು ಯುಎಸ್‌ಬಿ ಅಡಾಪ್ಟರ್‌ಗಳು 512 ಬೈಟಿನ ಸೆಕ್ಟರನ್ನು, ಅಂದರೆ ಡಿಸ್ಕ್ ಓದುವ ಅತಿ ಚಿಕ್ಕ ತುಂಡನ್ನು, 4096 ಅಂತ ತೋರಿಸುತ್ತವೆ. ಆಗ ಡಿಸ್ಕ್ ಹೇಗೆ ಭಾಗವಾಗಿದೆ ಎಂದು ಹೇಳುವ ಪಾರ್ಟಿಷನ್ ಟೇಬಲ್ ಸಿಗುವುದೇ ಇಲ್ಲ, ಡಿಸ್ಕ್ ಖಾಲಿ ಇದ್ದ ಹಾಗೆ ಕಾಣುತ್ತದೆ. ಸುಮ್ನೆ ಹೆದರಿಕೆ.

ಅಕ್ಕನ ಮನೆಯ ನ್ಯಾಸ್ ಹೀಗೇ ನಿಂತಾಗ ಅದರಲ್ಲಿದ್ದದ್ದು ನಾಲ್ಕು ಡಿಸ್ಕ್, ರೇಡ್ 5 ಎಂಬ ಗುಂಪಾಗಿ ಕಟ್ಟಿದವು. ಮಕ್ಕಳು ಹುಟ್ಟಿದಾಗಿನಿಂದ ತೆಗೆದ ಫೋಟೋ, ವಿಡಿಯೋ, ಭಾವನ ಕೆಲಸದ ಕಾಗದಪತ್ರ ಎಲ್ಲ ಅದರಲ್ಲೇ ಇತ್ತು. ಬೇರೆ ಕಡೆ ಪ್ರತಿ ಇರಲಿಲ್ಲ. ‘ರೇಡ್ ಇದೆಯಲ್ಲ, ಒಂದು ಡಿಸ್ಕ್ ಹೋದರೂ ಏನೂ ಆಗಲ್ಲ’ ಅನ್ನುವುದು ಅವರ ನಂಬಿಕೆ. ಆ ನಂಬಿಕೆ ಎಷ್ಟೋ ಮನೆಗಳಲ್ಲಿದೆ.

ರೇಡ್ ಕಲ್ಪನೆಗೆ ಹೆಸರು ಕೊಟ್ಟ ಪ್ರಬಂಧ ಬಂದದ್ದು 1988ರಲ್ಲಿ. ಬರೆದವರು ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್. ದುಬಾರಿಯ ದೊಡ್ಡ ಡಿಸ್ಕ್ ಒಂದರ ಬದಲು ಅಗ್ಗದ ಸಣ್ಣ ಡಿಸ್ಕ್‌ಗಳ ಗುಂಪನ್ನು ಬಳಸೋಣ, ಒಂದು ಕೆಟ್ಟರೂ ಕೆಲಸ ನಿಲ್ಲದ ಹಾಗೆ ಮಾಡೋಣ ಅನ್ನುವುದು ಅದರ ತಿರುಳು. ರೇಡ್ 5ರಲ್ಲಿ ಆಗುವುದು ಇಷ್ಟು. ಒಂದು ಪುಸ್ತಕದ ಹಾಳೆಗಳನ್ನು ಬಿಡಿಸಿ ಮೂರು ಜನರಿಗೆ ಸರದಿಯಲ್ಲಿ ಹಂಚಿ, ನಾಲ್ಕನೆಯವನ ಕೈಗೆ ಆ ಮೂರು ಹಾಳೆಗಳ ಲೆಕ್ಕವನ್ನು ಕೊಟ್ಟ ಹಾಗೆ. ಲೆಕ್ಕ ಇಟ್ಟುಕೊಳ್ಳುವ ಸರದಿಯೂ ಸಾಲಿನಿಂದ ಸಾಲಿಗೆ ಬದಲಾಗುತ್ತಾ ಹೋಗುತ್ತದೆ. ಆ ಲೆಕ್ಕವೇ ಪ್ಯಾರಿಟಿ, ಅದನ್ನು ಮಾಡುವ ವಿಧಾನ ಎಕ್ಸಾರ್. ಮೂರು ಡಿಸ್ಕ್‌ಗಳ ಒಂದೇ ಜಾಗದ ಬಿಟ್‌ಗಳನ್ನು ನೋಡುವುದು. 1 ಎಂಬುದು ಬೆಸ ಸಲ ಬಂದಿದ್ದರೆ ಉತ್ತರ 1, ಸಮ ಸಲ ಬಂದಿದ್ದರೆ 0. ಮೂರರಲ್ಲಿ 1, 0, 1 ಇದ್ದರೆ ನಾಲ್ಕನೆಯದರಲ್ಲಿ 0 ಬರೆದಿರುತ್ತದೆ. ಯಾವುದೇ ಒಂದು ಕಳೆದುಹೋದರೂ ಉಳಿದ ಮೂರರಿಂದ ಅದೇ ಲೆಕ್ಕ ಮಾಡಿ ಅದನ್ನು ಮರಳಿ ಪಡೆಯಬಹುದು. ನಾಲ್ಕನ್ನೂ ಸೇರಿಸಿ ಲೆಕ್ಕ ಹಾಕಿದರೆ ಎಲ್ಲ ಕಡೆ ಸೊನ್ನೆಯೇ ಬರಬೇಕು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಲಿನಕ್ಸ್‌ನಲ್ಲಿ ಈ ಗುಂಪನ್ನು ನೋಡಿಕೊಳ್ಳುವ ಸಲಕರಣೆ ಎಂಡಿಆಡ್ಮ್. ಸಿನಾಲಜಿ, ಕ್ಯೂನ್ಯಾಪ್ ಥರದ ಮನೆಬಳಕೆಯ ನ್ಯಾಸ್‌ಗಳ ಒಳಗೂ ಸಾಮಾನ್ಯವಾಗಿ ಇದೇ ಇರುತ್ತದೆ, ಮೇಲೆ ಗುಂಪಿನ ಜಾಗವನ್ನು ಬೇಕಾದಂತೆ ಹಂಚುವ ಎಲ್‌ವಿಎಂ ಪದರ, ಅದರ ಮೇಲೆ ಫೈಲ್ ಸಿಸ್ಟಂ. ಪ್ರತಿ ಡಿಸ್ಕ್ ತನ್ನಲ್ಲೇ ಒಂದು ಪುಟ್ಟ ದಾಖಲೆ ಇಟ್ಟುಕೊಂಡಿರುತ್ತದೆ, ಅದು ಸೂಪರ್‌ಬ್ಲಾಕ್. ನಾನು ಯಾವ ಗುಂಪಿಗೆ ಸೇರಿದವನು, ನನ್ನ ಸ್ಥಾನ ಎಷ್ಟನೆಯದು, ಒಂದು ತುಂಡಿನ ಅಳತೆ ಎಷ್ಟು, ಡೇಟಾ ಎಲ್ಲಿಂದ ಶುರು, ಎಲ್ಲವೂ ಅದರಲ್ಲಿ ಬರೆದಿರುತ್ತದೆ. ಪೆಟ್ಟಿಗೆ ಸತ್ತರೂ ಈ ದಾಖಲೆ ಸಾಯುವುದಿಲ್ಲ. ನನಗೆ ಈ ವ್ಯವಸ್ಥೆಯಲ್ಲಿ ತುಂಬಾ ಇಷ್ಟವಾಗುವುದು ಇದೇ. ಯಾರೋ ಎಷ್ಟೋ ವರ್ಷದ ಹಿಂದೆ, ಒಂದು ದಿನ ಪೆಟ್ಟಿಗೆ ಇರಲಿಕ್ಕಿಲ್ಲ ಅಂತ ಯೋಚಿಸಿ ಇದನ್ನು ಹೀಗೆ ಕಟ್ಟಿದ್ದಾರೆ.

ಎಂಡಿಆಡ್ಮ್‌ನ ‘ಎಗ್ಸಾಮಿನ್’ ಆದೇಶ ಈ ದಾಖಲೆಯನ್ನು ಓದುತ್ತದೆ. ಬರೀ ಓದುತ್ತದೆ, ಏನನ್ನೂ ಬದಲಿಸುವುದಿಲ್ಲ. ನಾಲ್ಕೂ ಡಿಸ್ಕ್‌ಗಳ ದಾಖಲೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಅದರಲ್ಲಿ ‘ಈವೆಂಟ್ಸ್’ ಅಂತ ಒಂದು ಸಂಖ್ಯೆ ಇರುತ್ತದೆ. ಗುಂಪಿನ ಸ್ಥಿತಿ ಬದಲಾದಾಗಲೆಲ್ಲ ಅದು ಏರುತ್ತಾ ಹೋಗುತ್ತದೆ. ಮೊದಲ ಮೂರು ಡಿಸ್ಕ್‌ಗಳಲ್ಲಿ ಆ ಸಂಖ್ಯೆ ಒಂದೇ ಇತ್ತು. ನಾಲ್ಕನೆಯದರಲ್ಲಿ ತುಂಬಾ ಕಡಿಮೆ. ‘ಅಪ್‌ಡೇಟ್ ಟೈಮ್’ ಅನ್ನುವ ಸಾಲು ನೋಡಿದರೆ ಮೂರರಲ್ಲಿ ಪೆಟ್ಟಿಗೆ ನಿಂತ ದಿನದ ತಾರೀಕು, ನಾಲ್ಕನೆಯದರಲ್ಲಿ ಎಷ್ಟೋ ತಿಂಗಳು ಹಿಂದಿನದು. ಅಂದರೆ ನಾಲ್ಕನೇ ಡಿಸ್ಕ್ ಯಾವತ್ತೋ ಗುಂಪಿನಿಂದ ಹೊರಬಿದ್ದಿತ್ತು. ಪೆಟ್ಟಿಗೆ ಅಲ್ಲಿಂದ ಮೂರೇ ಡಿಸ್ಕ್ ಮೇಲೆ ಓಡುತ್ತಿತ್ತು. ಎಚ್ಚರಿಕೆಯ ಇಮೇಲ್ ಯಾರಿಗೂ ಹೋಗುವಂತೆ ಸೆಟ್ ಆಗಿರಲಿಲ್ಲ. ಪೆಟ್ಟಿಗೆ ಇದ್ದದ್ದು ಕಪಾಟಿನ ಮೇಲೆ. ಅದರ ಕಿತ್ತಳೆ ಲೈಟನ್ನು ದಿನಾ ನೋಡುತ್ತಾ ಕೂರುವವರು ಯಾರು?

‘ಹಾಗಾದ್ರೆ ಇದು ಕೆಟ್ಟಿರೋದು ಅಂತ ಗೊತ್ತಾಯ್ತಲ್ಲ, ಬಿಸಾಡ್ಲಾ?’ ಅಂದಳು ಅಕ್ಕ.

‘ಬೇಡ ಅಕ್ಕಾ. ಅದನ್ನೂ ಇವುಗಳ ಜೊತೆಗೇ ಇಟ್ಟಿರು’ ಅಂದೆ.

ಹೊರಬಿದ್ದ ಡಿಸ್ಕ್ ಎಲ್ಲಾ ಸಲವೂ ಸತ್ತ ಡಿಸ್ಕ್ ಅಲ್ಲ. ಸಾಧಾರಣ ಡೆಸ್ಕ್‌ಟಾಪ್ ಡಿಸ್ಕ್‌ಗಳು ಒಂದು ಸೆಕ್ಟರ್ ಓದಲು ಬಾರದಿದ್ದರೆ ಬಿಡದೆ ಮತ್ತೆಮತ್ತೆ ಯತ್ನಿಸುತ್ತವೆ, ಅಷ್ಟು ಹೊತ್ತು ಬೇರೆ ಯಾವುದಕ್ಕೂ ಉತ್ತರ ಕೊಡುವುದಿಲ್ಲ. ಲಿನಕ್ಸ್ ಸಾಮಾನ್ಯವಾಗಿ 30 ಸೆಕೆಂಡ್ ಕಾಯುತ್ತದೆ, ಆಮೇಲೆ ಅದನ್ನು ಹೊರಗೆ ಹಾಕುವ ದಾರಿ ಹಿಡಿಯುತ್ತದೆ. ನ್ಯಾಸ್‌ಗೆಂದೇ ಮಾಡಿದ ಡಿಸ್ಕ್‌ಗಳು ಕೆಲವೇ ಸೆಕೆಂಡಿನಲ್ಲಿ ‘ಆಗಲ್ಲ’ ಎಂದು ಹೇಳಿಬಿಡುತ್ತವೆ, ಹಾಗಾಗಿ ಗುಂಪಿನಲ್ಲಿ ಉಳಿಯುತ್ತವೆ. ಸಡಿಲ ಕನೆಕ್ಟರ್‌ನಿಂದಲೂ ಡಿಸ್ಕ್ ಹೊರಬೀಳುವುದುಂಟು.

ಆದರೆ ಈ ಹಳೆಯ ಡಿಸ್ಕನ್ನು ಸೇರಿಸಿ ಗುಂಪು ಕಟ್ಟುವುದು ಮಾತ್ರ ತಪ್ಪು. ಅದರಲ್ಲಿರುವುದು ತಿಂಗಳುಗಳ ಹಿಂದಿನ ಲೋಕ. ಹೊಸ ಮೂರರ ಪೈಕಿ ಒಂದನ್ನು ಬಿಟ್ಟು ಇದನ್ನು ಸೇರಿಸಿ ‘ಫೋರ್ಸ್’ ಆದೇಶದಿಂದ ಒತ್ತಾಯವಾಗಿ ಕಟ್ಟಿದರೆ ಹೊಸ ಹಾಳೆಗಳ ನಡುವೆ ಹಳೆಯವು ಬಂದು ಕೂರುತ್ತವೆ, ಫೈಲ್ ಸಿಸ್ಟಂ ಗೊಂದಲಕ್ಕೆ ಬೀಳುತ್ತದೆ. ಅದಕ್ಕಿಂತ ಕೆಟ್ಟದ್ದು ‘ಕ್ರಿಯೇಟ್’. ಇರುವ ದಾಖಲೆಯಿಂದ ಗುಂಪು ಅಸೆಂಬಲ್ ಆಗಲಿಲ್ಲ, ಅಂದರೆ ಕೂಡಲಿಲ್ಲ ಅಂತ ಹೊಸದಾಗಿ ಗುಂಪು ಕ್ರಿಯೇಟ್ ಮಾಡಿ ಎಂದು ಸಲಹೆ ಕೊಡುವವರು ಇದ್ದಾರೆ. ಅದು ಸೂಪರ್‌ಬ್ಲಾಕನ್ನೇ ಹೊಸದಾಗಿ ಬರೆಯುತ್ತದೆ. ಸ್ಥಾನವೋ ತುಂಡಿನ ಅಳತೆಯೋ ಒಂದು ತಪ್ಪಿದರೂ ಹಳೆಯ ದಾಖಲೆಯ ಸಹಾಯ ಇಲ್ಲದೆ ಕತ್ತಲಲ್ಲಿ ತಡಕಾಡಬೇಕು. ಅಸಲಿ ಡಿಸ್ಕ್ ಮೇಲೆ ಆ ಆದೇಶ ಕೊಡುವ ಕೆಲಸ ದಯವಿಟ್ಟು ಮಾಡಬೇಡಿ.

ಅಕ್ಕನ ಕೇಸಿನಲ್ಲಿ ಇನ್ನೊಂದು ತೊಡಕಿತ್ತು. ಡಿಸ್ಕ್‌ಗಳು ತಮ್ಮ ಆರೋಗ್ಯದ ಲೆಕ್ಕವನ್ನು ತಾವೇ ಇಡುತ್ತವೆ, ಅದಕ್ಕೆ ಸ್ಮಾರ್ಟ್ ಅನ್ನುತ್ತಾರೆ. ಅದರಲ್ಲಿ 5, 197, 198 ಈ ಮೂರು ಸಾಲುಗಳನ್ನು ನಾನು ಮೊದಲು ನೋಡುವುದು. 5 ಅಂದರೆ ಕೆಟ್ಟು ಬದಲಾಯಿಸಿದ ಸೆಕ್ಟರ್‌ಗಳು, 197 ಅಂದರೆ ಓದಲು ಬಾರದೆ ಬಾಕಿ ಉಳಿದವು, 198 ಅಂದರೆ ತಪಾಸಣೆಯಲ್ಲಿ ಸರಿಪಡಿಸಲಾಗದೆ ಉಳಿದವು. ಎರಡನೇ ಡಿಸ್ಕ್‌ನಲ್ಲಿ 197 ಸೊನ್ನೆ ಇರಲಿಲ್ಲ. ಗುಂಪಿನಲ್ಲಿ ಉಳಿದಿದ್ದದ್ದೇ ಮೂರು, ಅದರಲ್ಲೂ ಒಂದಕ್ಕೆ ಹುಳುಕು. ಇಂಥ ಹೊತ್ತಲ್ಲಿ ಡಿಸ್ಕ್‌ನಿಂದ ನೇರವಾಗಿ ಫೈಲ್ ಕಾಪಿ ಮಾಡಲು ಹೋಗಬಾರದು. ಮೊದಲು ಡಿಸ್ಕ್ ಡಿಸ್ಕನ್ನೇ ಇಡಿಯಾಗಿ ಬೇರೆ ಕಡೆ ಪ್ರತಿ ಮಾಡಿಕೊಳ್ಳಬೇಕು. ನಾಲ್ಕನೆಯದನ್ನೂ ಸೇರಿಸಿ.

ಈ ಕೆಲಸಕ್ಕೆ ಗ್ನೂ ಡಿಡಿರೆಸ್ಕ್ಯೂಗಿಂತ ಒಳ್ಳೆಯ ಸಲಕರಣೆ ನಾನು ನೋಡಿಲ್ಲ. ಆಂಟೋನಿಯೋ ಡಿಯಾಸ್ ಡಿಯಾಸ್ ಬರೆದದ್ದು. ಇದರ ಜಾಣತನ ಓದುವ ಕ್ರಮದಲ್ಲಿದೆ. ಕೆಟ್ಟ ಜಾಗ ಎದುರಾದರೆ ಅಲ್ಲೇ ಗುದ್ದಾಡುತ್ತಾ ನಿಲ್ಲುವುದಿಲ್ಲ, ಹಾರಿ ಮುಂದೆ ಹೋಗುತ್ತದೆ. ಸುಲಭವಾಗಿ ಓದಲು ಬರುವುದನ್ನೆಲ್ಲ ಮೊದಲು ಬಾಚಿಕೊಳ್ಳುತ್ತದೆ, ಬಿಟ್ಟ ಜಾಗಗಳಿಗೆ ಆಮೇಲೆ ವಾಪಸ್ ಬರುತ್ತದೆ. ಯಾವ ಜಾಗ ಓದಿದೆ, ಯಾವುದು ಬಾಕಿ ಎಂದು ಒಂದು ಮ್ಯಾಪ್ ಫೈಲ್‌ನಲ್ಲಿ ಬರೆದುಕೊಳ್ಳುತ್ತದೆ. ಮಧ್ಯದಲ್ಲಿ ಕರೆಂಟ್ ಹೋದರೂ ಬಿಟ್ಟಲ್ಲಿಂದಲೇ ಮುಂದುವರಿಸಬಹುದು. ಆ ಮ್ಯಾಪ್ ಫೈಲನ್ನು ಯಾವ ಟೆಕ್ಸ್ಟ್ ಎಡಿಟರ್‌ನಲ್ಲಾದರೂ ತೆರೆದು ಓದಬಹುದು. ಓದಿದ ತುಂಡಿನ ಮುಂದೆ ಕೂಡುವ ಚಿಹ್ನೆ, ಓದಲಾಗದ್ದರ ಮುಂದೆ ಕಳೆಯುವ ಚಿಹ್ನೆ.

ತಾಳ್ಮೆ ಬೇಕು. ಆರೋಗ್ಯವಾಗಿರುವ 4 ಟಿಬಿ ಡಿಸ್ಕ್ ಸೆಕೆಂಡಿಗೆ 150 ಎಂಬಿ ಸರಾಸರಿಯಲ್ಲಿ ಓದಿದರೂ ಏಳೂವರೆ ಗಂಟೆ ಹತ್ತಿರ ಆಗುತ್ತದೆ. ಹುಳುಕಿರುವ ಡಿಸ್ಕ್ ಎಷ್ಟು ಹೊತ್ತಾದರೂ ತೆಗೆದುಕೊಳ್ಳಬಹುದು. ಎರಡನೇ ಡಿಸ್ಕ್ ಬಹುಪಾಲು ಸಲೀಸಾಗಿ ಓದಿಕೊಂಡು ಹೋಯಿತು. ಆಮೇಲೆ ವೇಗ ಇದ್ದಕ್ಕಿದ್ದಂತೆ ಕುಸಿದು ಸೊನ್ನೆಗೆ ಬರುವುದು, ಸ್ವಲ್ಪ ಹೊತ್ತು ಅಲ್ಲೇ ನಿಲ್ಲುವುದು, ಮತ್ತೆ ಏರುವುದು. ಆ ನಿಂತ ಹೊತ್ತಲ್ಲಿ ಡಿಸ್ಕ್‌ನಿಂದ ಒಂದೇ ಲಯದ ಕುರಕುರ ಸದ್ದು. ಮೇಲೆ ಚಿಕ್ಕ ಫ್ಯಾನ್ ಇಟ್ಟು ತಂಪಾಗಿರುವಂತೆ ನೋಡಿಕೊಂಡೆ. ಕೊನೆಗೆ ಉಳಿದದ್ದು ಬೆರಳೆಣಿಕೆಯಷ್ಟು ಸೆಕ್ಟರ್‌ಗಳು, ಎಷ್ಟು ಸಲ ಕೇಳಿದರೂ ಕೊಡದವು. ಆಶ್ಚರ್ಯ ಅಂದರೆ, ನಾಲ್ಕನೇ ಡಿಸ್ಕ್ ಒಂದೂ ತಪ್ಪಿಲ್ಲದೆ ಪೂರ್ತಿ ಓದಿಕೊಂಡಿತು.

ಕುರಕುರ ಸದ್ದು ಬೇರೆ, ಟಕ್ ಟಕ್ ಸದ್ದು ಬೇರೆ. ಡಿಸ್ಕ್‌ನ ಹೆಡ್ ತಟ್ಟೆಯ ಮೇಲೆ ನ್ಯಾನೋಮೀಟರ್‌ಗಳ ಎತ್ತರದಲ್ಲಿ ತೇಲುತ್ತಿರುತ್ತದೆ. ಅದು ತನ್ನ ದಾರಿ ಕಂಡುಕೊಳ್ಳಲಾರದೆ ಹಿಂದೆ ಮುಂದೆ ಬಡಿದುಕೊಳ್ಳುತ್ತಿದ್ದರೆ ಟಕ್ ಟಕ್ ಅಂತ ಕೇಳುತ್ತದೆ. ಆ ಸದ್ದು ಕೇಳಿದರೆ ತಕ್ಷಣ ಪವರ್ ತೆಗೆಯಿರಿ. ಯಾವ ಸಾಫ್ಟ್‌ವೇರ್‌ನಿಂದಲೂ ಅದು ಸರಿಹೋಗುವುದಿಲ್ಲ, ಓಡಿಸಿದಷ್ಟೂ ತಟ್ಟೆ ಕೆರೆದುಹೋಗಬಹುದು. ಧೂಳಿಲ್ಲದ ಕ್ಲೀನ್ ರೂಮ್‌ನಲ್ಲಿ ಬಿಚ್ಚಿ ಹೆಡ್ ಬದಲಿಸುವವರು ಇದ್ದಾರೆ, ಅವರಿಗೇ ಕೊಡಬೇಕು. ಫ್ರೀಜರ್‌ನಲ್ಲಿ ಇಡಿ ಅನ್ನುವ ಹಳೆಯ ಉಪಾಯ ಕೇಳಬೇಡಿ, ಹೊರಗೆ ತೆಗೆದಾಗ ಒಳಗೆ ತೇವ ಕಟ್ಟುತ್ತದೆ. ಅದೇ ಮಾಡೆಲ್‌ನ ಬೇರೆ ಡಿಸ್ಕ್‌ನ ಸರ್ಕ್ಯೂಟ್ ಬೋರ್ಡ್ ಹಾಕುವುದೂ ಈಗಿನ ಡಿಸ್ಕ್‌ಗಳಲ್ಲಿ ಸಾಮಾನ್ಯವಾಗಿ ನಡೆಯಲ್ಲ. ಪ್ರತಿ ಡಿಸ್ಕ್‌ಗೂ ಅದರದ್ದೇ ಹೊಂದಾಣಿಕೆಯ ಅಂಕಿಗಳು ಇರುತ್ತವೆ, ಅವು ಆ ಬೋರ್ಡಿನ ಚಿಪ್‌ನಲ್ಲಿರುತ್ತವೆ.

ಪ್ರತಿಗಳು ಕೈಗೆ ಬಂದ ಮೇಲೆ ಮನಸ್ಸು ನಿರಾಳ. ಅಸಲಿ ಡಿಸ್ಕ್‌ಗಳನ್ನು ಎತ್ತಿಟ್ಟೆ. ಪ್ರತಿಗಳ ಮೇಲೂ ನೇರವಾಗಿ ಬರೆಯದೆ, ಬರೆದದ್ದೆಲ್ಲ ಬೇರೆ ಫೈಲ್‌ಗೆ ಹೋಗುವಂತೆ ಒಂದು ಓವರ್‌ಲೇ ಹಾಕಿಕೊಂಡೆ. ಮೊದಲ ಮೂರನ್ನು ಸೇರಿಸಿ ರೀಡ್‌ಓನ್ಲಿಯಾಗಿ ಅಸೆಂಬಲ್ ಮಾಡಿದೆ. ಎಲ್‌ವಿಎಂ ತಾನಾಗಿ ಕಾಣಿಸಿಕೊಂಡಿತು. ಇಲ್ಲಿ ಒಂದು ಸೂಕ್ಷ್ಮ ಇದೆ. ಎಕ್ಸ್ಟ್4 ಅನ್ನು ರೀಡ್‌ಓನ್ಲಿ ಅಂತ ಮೌಂಟ್ ಮಾಡಿದರೂ, ಅಂದರೆ ಓದಲಿಕ್ಕಷ್ಟೇ ತೆರೆದರೂ, ಸರಿಯಾಗಿ ಮುಚ್ಚಿರದಿದ್ದರೆ ಬರೆಯಬೇಕಾದ ಬದಲಾವಣೆಗಳ ಪಟ್ಟಿಯಾದ ಜರ್ನಲ್‌ನಲ್ಲಿ ಬಾಕಿ ಇದ್ದದ್ದನ್ನು ಡಿಸ್ಕ್‌ಗೆ ಬರೆಯಲು ನೋಡುತ್ತದೆ. ಅದೂ ಬೇಡ ಅಂದರೆ ‘ನೋಲೋಡ್’ ಅಂತಲೂ ಸೇರಿಸಬೇಕು. ಸೇರಿಸಿ ಮೌಂಟ್ ಮಾಡಿದೆ. ಫೋಲ್ಡರ್‌ಗಳು ಬಂದವು, ಅಕ್ಕ ಇಟ್ಟ ಹೆಸರುಗಳ ಸಮೇತ.

ಹೆಸರುಗಳಿಗೆ ನಾನು ತುಂಬಾ ಬೆಲೆ ಕೊಡುತ್ತೇನೆ. ಫೈಲ್ ಸಿಸ್ಟಂ ಪೂರ್ತಿ ಹಾಳಾದರೆ ಫೋಟೋರೆಕ್ ಇದೆ, ಒಳ್ಳೆಯ ಸಲಕರಣೆ. ಅದು ಫೈಲ್‌ಗಳ ಆರಂಭದ ಗುರುತು ಹಿಡಿದು ಹುಡುಕುತ್ತದೆ. ಆದರೆ ಸಿಕ್ಕಿದ್ದಕ್ಕೆಲ್ಲ ಬರೀ ನಂಬರ್, ಫೋಲ್ಡರ್ ಯಾವುದು ಅಂತ ಗೊತ್ತಾಗುವುದಿಲ್ಲ. ಸಾವಿರಾರು ಫೋಟೋಗಳ ರಾಶಿಯಲ್ಲಿ ಯಾವ ವರ್ಷದ ಯಾವ ಹುಟ್ಟುಹಬ್ಬ ಅಂತ ವಿಂಗಡಿಸಲು ಕೂತವರಿಗೆ ಗೊತ್ತು ಆ ಕಷ್ಟ. ಅದಕ್ಕೇ ಫೋಟೋರೆಕ್ ನನಗೆ ಕೊನೆಯ ದಾರಿ. ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದು ಕೀ ಇಲ್ಲದಿದ್ದರೆ ಆ ದಾರಿಯೂ ಇಲ್ಲ.

ಉಳಿದ ಪ್ರಶ್ನೆ, ಓದಲಾಗದ ಆ ಕೆಲವು ಸೆಕ್ಟರ್‌ಗಳು ಯಾವ ಫೈಲ್‌ಗಳಿಗೆ ಸೇರಿದವು? ಎಲ್ಲ ಫೋಟೋ ತೆರೆದು ನೋಡಲು ಆಗುವುದಿಲ್ಲ, ಅಲ್ವಾ? ಇದಕ್ಕೆ ಒಂದು ಉಪಾಯ ಇದೆ. ಆ ಸೆಕ್ಟರ್‌ಗಳಲ್ಲಿ ಸೊನ್ನೆ ತುಂಬಿರುವಾಗ ಎಲ್ಲ ಫೈಲ್‌ಗಳ ಚೆಕ್‌ಸಮ್ ತೆಗೆದಿಡುವುದು, ಅಂದರೆ ಫೈಲ್ ಚೂರು ಬದಲಾದರೂ ಬದಲಾಗುವ ಒಂದು ಗುರುತಿನ ಸಂಖ್ಯೆ. ಆಮೇಲೆ ಡಿಡಿರೆಸ್ಕ್ಯೂನ ಫಿಲ್ ಮೋಡ್ ಬಳಸಿ ಅದೇ ಜಾಗಗಳಲ್ಲಿ ಬೇರೆ ಏನಾದರೂ ತುಂಬಿ, ಮತ್ತೆ ಗುಂಪು ಕಟ್ಟಿ, ಮತ್ತೊಮ್ಮೆ ಚೆಕ್‌ಸಮ್ ತೆಗೆಯುವುದು. ಎರಡು ಪಟ್ಟಿಗಳಲ್ಲಿ ಬೇರೆಬೇರೆ ಬಂದ ಫೈಲ್‌ಗಳೇ ಪೆಟ್ಟು ತಿಂದವು. ಎರಡನೇ ಡಿಸ್ಕ್‌ನಲ್ಲಿ ನೇರವಾಗಿ ಇದ್ದವೂ ಸಿಗುತ್ತವೆ, ನಾಲ್ಕನೆಯದರ ಬದಲಿಗೆ ಲೆಕ್ಕ ಹಾಕಿ ತೆಗೆದ ತುಂಡುಗಳಲ್ಲಿ ಆದ ಹಾನಿಯೂ ಸಿಗುತ್ತದೆ. ಪಟ್ಟಿ ಚಿಕ್ಕದಿತ್ತು. ಕೆಲವು ಫೋಟೋ, ಒಂದೆರಡು ವಿಡಿಯೋ.

ಬಿಸಾಡದೆ ಇಟ್ಟ ನಾಲ್ಕನೇ ಡಿಸ್ಕ್ ಕೆಲಸಕ್ಕೆ ಬಂದದ್ದು ಈಗ. ನಾಲ್ಕನ್ನೂ ಸೇರಿಸಿ ಎಕ್ಸಾರ್ ಮಾಡಿದರೆ ಸೊನ್ನೆ ಬರಬೇಕು ಅಂದೆನಲ್ಲ? ಹಾಗಾದರೆ ಎರಡನೇ ಡಿಸ್ಕ್‌ನ ಕಾಣೆಯಾದ ಸೆಕ್ಟರ್ ಅಂದರೆ ಒಂದು, ಮೂರು, ನಾಲ್ಕನೇ ಡಿಸ್ಕ್‌ಗಳ ಅದೇ ಜಾಗದ ಎಕ್ಸಾರ್. ನಾಲ್ಕನೆಯದು ಹಳೆಯದು, ನಿಜ. ಆದರೆ ಆ ಸಾಲಿನಲ್ಲಿ ಅದು ಹೊರಬಿದ್ದ ಮೇಲೆ ಯಾರೂ ಏನೂ ಬರೆದಿರದಿದ್ದರೆ ಹಳೆಯದೂ ಹೊಸದೂ ಒಂದೇ. ಫೋಟೋ ಅನ್ನುವುದು ಒಮ್ಮೆ ಬರೆದು ಬಿಟ್ಟದ್ದು, ಯಾರೂ ತಿದ್ದುವುದಿಲ್ಲ. ಡೇಟಾ ಶುರುವಾಗುವ ಜಾಗ ನಾಲ್ಕು ಡಿಸ್ಕ್‌ಗಳಲ್ಲೂ ಒಂದೇ ಅಂತ ಸೂಪರ್‌ಬ್ಲಾಕ್‌ನಲ್ಲಿ ಖಾತ್ರಿ ಮಾಡಿಕೊಂಡು, ಪುಟ್ಟ ಪೈಥಾನ್ ಸ್ಕ್ರಿಪ್ಟ್ ಬರೆದು ಆ ಸೆಕ್ಟರ್‌ಗಳನ್ನಷ್ಟೇ ಲೆಕ್ಕ ಹಾಕಿ ಪ್ರತಿಯ ಓವರ್‌ಲೇಗೆ ತುಂಬಿದೆ. ಅದೇ ಸಾಲಿನಲ್ಲಿ ಪಕ್ಕದ ಫೈಲ್ ಬದಲಾಗಿದ್ದರೆ ಲೆಕ್ಕ ತಪ್ಪುತ್ತದೆ. ಹಾಗಾಗಿ ಪಟ್ಟಿಯ ಪ್ರತಿ ಫೈಲನ್ನೂ ತೆರೆದು ಕಣ್ಣಾರೆ ನೋಡಲೇಬೇಕು.

ಒಂದು ಫೋಟೋ ಮೊದಲು ತೆರೆದಾಗ ಮೇಲಿನ ಮೂರನೇ ಒಂದು ಭಾಗ ಸರಿಯಿತ್ತು, ಅಲ್ಲಿಂದ ಕೆಳಗೆ ಬೂದು ಬಣ್ಣದ ಪಟ್ಟೆ. ಸೆಕ್ಟರ್ ತುಂಬಿದ ಮೇಲೆ ತೆರೆದರೆ ಪೂರ್ತಿ ಬಂತು. ಅಕ್ಕ ಪಕ್ಕದಲ್ಲೇ ಕೂತಿದ್ದಳು. ನಾಲ್ಕನೇ ಡಿಸ್ಕ್ ಹೊರಬೀಳುವ ಮೊದಲೇ ಸೇರಿಸಿದ್ದ ಫೋಟೋಗಳೆಲ್ಲ ಹೀಗೆ ಸರಿಹೋದವು. ಒಂದು ವಿಡಿಯೋ ಮಾತ್ರ ಆಮೇಲಿನದು, ಅದು ಮಧ್ಯದಲ್ಲಿ ಒಂದು ಕಡೆ ಚೂರು ಹರಿದ ಹಾಗೆಯೇ ಉಳಿಯಿತು.

ಎಲ್ಲವನ್ನೂ ಎರಡು ಬೇರೆ ಡಿಸ್ಕ್‌ಗಳಿಗೆ ಕಾಪಿ ಮಾಡಿ, ಚೆಕ್‌ಸಮ್ ಹೋಲಿಸಿ ಕೊಟ್ಟೆ. ಒಂದು ಅವರ ಮನೆಯಲ್ಲಿದೆ, ಇನ್ನೊಂದು ನನ್ನ ಹತ್ತಿರ. ಹೊಸ ಪೆಟ್ಟಿಗೆ ಬಂದಾಗ ಮೊದಲು ಮಾಡಿದ ಕೆಲಸ ಎಚ್ಚರಿಕೆಯ ಇಮೇಲ್ ಭಾವನ ಫೋನಿಗೂ ಬರುವಂತೆ ಮಾಡಿದ್ದು. ಆಮೇಲೆ ಒಂದು ಡಿಸ್ಕನ್ನು ಬೇಕಂತಲೇ ಎಳೆದು, ಇಮೇಲ್ ಬರುತ್ತದಾ ಅಂತ ನೋಡಿದೆವು. ಬಂತು. ಗುಂಪು ಮತ್ತೆ ಸರಿಯಾಗುವವರೆಗೆ ಕಾದು, ಆಮೇಲೆ ಫೋಟೋ ತುಂಬಲು ಶುರು ಮಾಡಿದೆವು.